ಹಗೇವೂ ಹಡಗೂ

ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನಲ್ಲಿ, ಹುಳಿಯಾರಿನ ದಾರಿಯಲ್ಲಿರುವ ಬುಕ್ಕಾಪಟ್ಟಣವು ಹೆಸರಿನಿಂದ ಪಟ್ಟಣವಾದರೂ ವಾಸ್ತವವಾಗಿ ಒಂದು ಹೋಬಳಿಯ ಮುಖ್ಯಗ್ರಾಮ. ಸುತ್ತಲೂ ಕುರುಚಲು ಕಾಡಿನ ಗುಡ್ಡಗಳು, ಅವುಗಳ ಬುಡದಲ್ಲಿ ಕೆಂಪು ಮಣ್ಣಿನ ಬೆದ್ದಲು. ಈ ಕಾಡು 2019ರಲ್ಲಿ ಚಿಂಕಾರವೆಂಬ ಜಿಂಕೆಗಾಗಿ ವನ್ಯಧಾಮವಾಯಿತು. ಒಣನಾಡಿನ ಆ ಮೃಗವು ಇಲ್ಲಿ ನೆಲೆಸಿರುವುದೇ ಇಲ್ಲಿಯ ಮಳೆ ಎಷ್ಟೆಂಬುದನ್ನು ಹೇಳಲು ಸಾಕು. ಸಿರಾ ಮೊಗಲರ ಸುಬಾದ ಮುಖ್ಯಸ್ಥಳವಾಗಿದ್ದ ಕಾಲ ಕಳೆದು, ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯನು 1800ರಲ್ಲಿ ಈ ಸೀಮೆಯನ್ನು ಸುತ್ತಿ ಬೆಳೆಗಳನ್ನು ಬರೆದಿಟ್ಟುಕೊಂಡ ಕಾಲದಲ್ಲಿ, ಇಲ್ಲಿಯ ಜನರನ್ನು ಹಿಡಿದು ನಿಲ್ಲಿಸಿದ್ದುದು ರಾಗಿ.

ರಾಗಿಯ ಹಿರಿಮೆ ಅದರ ಇಳುವರಿಯಲ್ಲಿಲ್ಲ, ಬಾಳಿಕೆಯಲ್ಲಿದೆ. ಕಾಳು ಸಣ್ಣದಾದುದರಿಂದ ಹುಳುವಿನ ಕಾಟ ಅದಕ್ಕೆ ಅಷ್ಟಾಗಿಲ್ಲ. ಗಟ್ಟಿ ನೆಲವನ್ನು ನೋಡಿ, ಬಾಯಿ ಕಿರಿದಾಗಿಯೂ ಒಡಲು ಹಿರಿದಾಗಿಯೂ ಇರುವಂತೆ ಹಗೇವನ್ನು ತೋಡಿ, ಒಳಗೆ ಹುಲ್ಲು ಹಾಸಿ ರಾಗಿಯನ್ನು ತುಂಬಿ, ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಅದು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆಗೆಯುವಾಗ ಒಡನೆ ಇಳಿಯುವಂತಿರಲಿಲ್ಲ. ಬಾಯಿ ತೆರೆದು ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ದೀಪವನ್ನಿಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯನು ಇಳಿಯುತ್ತಿದ್ದನು. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬರುತ್ತಿದ್ದುವು. ಹುಚ್ಚೆಳ್ಳು ಊರ ಗಾಣಕ್ಕೆ ಹೋಗಿ ಒಗ್ಗರಣೆಯ ಎಣ್ಣೆಯಾಗಿ ಮನೆಗೆ ಮರಳುತ್ತಿತ್ತು, ದೀಪಕ್ಕೆ ಹೊಂಗೆಯಿತ್ತು. ಹೀಗೆ ಹಿಟ್ಟು, ಬೇಳೆ, ಎಣ್ಣೆ ಮೂರೂ ಒಂದೇ ಹೊಲದಿಂದ ಬರುತ್ತಿದ್ದುವು. ಸುಗ್ಗಿಯಲ್ಲಿ ಧಾರಣೆ ಬಿದ್ದರೆ ಹಗೇವುಳ್ಳವನು ಮಾರದೆ ಕಾಯಬಲ್ಲನು. ಮುಂದಿನ ಕಥೆಯೆಲ್ಲ ಈ ಕಾಯುವ ಶಕ್ತಿ ಕೈತಪ್ಪಿದ ಬಗೆಯದು. ಹಗೇವಿಲ್ಲದ ಕೂಲಿಯವನಿಗೆ ಈ ಶಕ್ತಿ ಆಗಲೂ ಇರಲಿಲ್ಲವೆಂಬುದನ್ನು ಮರೆಯಲಾಗದು.

ಮೊದಲ ಪೆಟ್ಟು ಧಾತು ಈಶ್ವರ ಸಂವತ್ಸರಗಳ ಬರ. 1875ರಲ್ಲಿ ಬೆಳೆ ಕುಂದಿತು, 1876ರಲ್ಲಿ ಮಳೆ ಪೂರ್ಣವಾಗಿ ಕೈಕೊಟ್ಟಿತು. ಎಂತಹ ಹಗೇವಾದರೂ ಮೇಲಿಂದ ಮೇಲೆ ಬಂದ ಕೊರತೆಗೆ ಬರಿದಾಗಲೇಬೇಕಷ್ಟೆ. ಆಗ ಮೈಸೂರು ಸೀಮೆ ಇಂಗ್ಲಿಷ್ ಕಮಿಷನರ ಆಡಳಿತದಲ್ಲಿತ್ತು. ಧಾನ್ಯದ ವ್ಯಾಪಾರದಲ್ಲಿ ಸರ್ಕಾರವು ಕೈಯಿಡಕೂಡದು, ಬೆಲೆಯೇರಿದರೆ ವರ್ತಕರು ತಾವಾಗಿಯೇ ಧಾನ್ಯವನ್ನು ತರುವರು ಎಂಬುದು ವೈಸರಾಯ್ ಲಿಟ್ಟನ್ನರ ಕಾಲದ ಸಿದ್ಧಾಂತ. ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ದೊರೆಯು 30,000 ಟನ್ ಧಾನ್ಯವನ್ನು ಸರ್ಕಾರದ ಪರವಾಗಿ ಕೊಂಡುದಕ್ಕೆ ಮೇಲಿನವರಿಂದ ಆಕ್ಷೇಪಣೆಗೆ ಗುರಿಯಾದನು. ಅತ್ತ ಉತ್ತರದ ಗೋಧಿ ಇಂಗ್ಲೆಂಡಿಗೆ ಹಡಗೇರುತ್ತಲೇ ಇತ್ತು. ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಧಾನ್ಯವು ಅಲ್ಲಿಂದ ಮುಂದೆ ಗಾಡಿಗಳನ್ನೇ ನೆಚ್ಚಬೇಕಾಗಿತ್ತು. ಮೇವಿಲ್ಲದೆ ಎತ್ತುಗಳೇ ಸತ್ತಿದ್ದ ಸೀಮೆಗೆ ಗಾಡಿ ಹೇಗೆ ಬಂದೀತು? 1871ರ ಖಾನೇಷುಮಾರಿಯಲ್ಲಿ 50,55,412 ಇದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಬೆಲೆ ಏರಿದುದು ನಿಜ. ಆ ಬೆಲೆಯನ್ನು ಕೊಡಲು ಹಸಿದವನ ಬಳಿ ಏನೂ ಇರಲಿಲ್ಲವೆಂಬುದು ಸಿದ್ಧಾಂತದ ಲೆಕ್ಕಕ್ಕೆ ಬಂದಿರಲಿಲ್ಲ.

ಆ ಬರದಿಂದ ಕಲಿತ ಪಾಠವಾಗಿ ರೈಲ್ವೆ ಬಂದಿತು. 1884ರಲ್ಲಿ ತುಮಕೂರನ್ನು ಮುಟ್ಟಿತು. ಧಾನ್ಯವನ್ನು ತರುವುದಕ್ಕಾಗಿ ಹಾಕಿದ ಹಳಿಯ ಮೇಲೆ ಸರಕನ್ನು ಕೊಂಡೊಯ್ಯುವುದೂ ಸುಲಭವಾಯಿತು. ದಕ್ಷಿಣ ಅಮೆರಿಕದಿಂದ ಬಂದ ಕಡಲೆಕಾಯಿ ಮದರಾಸಿನ ಕಡೆಯ ತೀರದಲ್ಲಿ ಆಗಲೇ ಬೇರೂರಿ, ಪಾಂಡಿಚೇರಿಯಿಂದ ಫ್ರಾನ್ಸಿನ ಮಾರ್ಸೇಲ್ಸಿಗೆ ಹಡಗುಗಟ್ಟಲೆ ಹೋಗುತ್ತಿತ್ತು. ಅಲ್ಲಿಯ ಕಾರ್ಖಾನೆಗಳಿಗೆ ಎಣ್ಣೆಗೂ ಸಾಬೂನಿಗೂ ಅದು ಬೇಕಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಪಾವಗಡ, ಸಿರಾ, ಮಧುಗಿರಿಗಳ ಕೆಂಪು ನೆಲಕ್ಕೂ ಆ ಬೆಳೆ ಹಬ್ಬಿತು. ಅದು ಕಡಮೆ ಮಳೆಗೆ ಹೆದರದು, ಕೈಗೆ ರೊಕ್ಕ ತರುವುದು, ಬಳ್ಳಿ ದನಕ್ಕೆ ಮೇವಾಗುವುದು. ಇಷ್ಟೆಲ್ಲ ಗುಣವಿರುವ ಬೆಳೆಯನ್ನು ರೈತನು ಹಿಡಿದುದರಲ್ಲಿ ಅವಿವೇಕವೇನೂ ಇಲ್ಲ. ಆದರೆ ಅದು ಹಗೇವಿನಲ್ಲಿಡುವ ಪದಾರ್ಥವಲ್ಲ. ಹೆಚ್ಚು ದಿನ ಇಟ್ಟರೆ ಮುಗ್ಗುವುದು, ಬೀಜ ಕನರುವುದು. ಬಿತ್ತನೆಗೆಂದು ತಂದ ಸಾಲವೂ ಸುಗ್ಗಿಗೇ ತೀರಬೇಕು. ಅಂದಂದಿನ ಧಾರಣೆಗೆ ಮಂಡಿಯಲ್ಲಿ ಸುರಿಯದೆ ಬೇರೆ ದಾರಿಯಿಲ್ಲ.

1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದ ತರುವಾಯ ಲೋಕದ ಬೆಳೆಗಳ ಧಾರಣೆಯೆಲ್ಲ ನೆಲ ಕಚ್ಚಿದಾಗ ಕಡಲೆಕಾಯಿಯೂ ಕಚ್ಚಿತು. 1940ರ ಜೂನಿನಲ್ಲಿ ಪ್ಯಾರಿಸ್ ಜರ್ಮನರ ವಶವಾಗಲು, ಅತಿ ದೊಡ್ಡ ಗಿರಾಕಿಯೇ ಇಲ್ಲವಾಯಿತು. ಪ್ಯಾರಿಸ್ ಎಲ್ಲಿದೆಯೆಂಬುದು ರಾಗಿಗೆ ಎಂದೂ ತಿಳಿಯಬೇಕಾಗಿರಲಿಲ್ಲ. ಮತ್ತೆರಡು ವರ್ಷಕ್ಕೆ, 1942ರಲ್ಲಿ, ರಂಗೂನು ಜಪಾನರ ಕೈಸೇರಿ ಬರ್ಮಾ ಅಕ್ಕಿ ನಿಂತಿತು. ಎಣ್ಣೆಬೀಜ ಬಿಟ್ಟು ಅನ್ನದ ಬೆಳೆಯನ್ನು ಬೆಳೆಯಿರೆಂಬ ಕೂಗು ಎದ್ದಿತು.

ಸ್ವಾತಂತ್ರ್ಯಾನಂತರದ ಕಥೆಯೂ ಹಡಗಿನದೇ. 1954ರ ಅಮೆರಿಕದ ಪಿ.ಎಲ್. 480ನೆಯ ಕಾನೂನಿನ ಮೇರೆಗೆ ಅಲ್ಲಿಯ ಹೆಚ್ಚುವರಿ ಗೋಧಿ ಇಲ್ಲಿಗೆ ಬಂದಿತು. 1965-66ರ ಬರಗಳಲ್ಲಿ ಅಧ್ಯಕ್ಷ ಜಾನ್ಸನ್ ಅದನ್ನು ತಿಂಗಳ ಲೆಕ್ಕದಲ್ಲಿ ಬಿಗಿಹಿಡಿದು ಬಿಟ್ಟುದು ದೆಹಲಿಯವರಿಗೆ ಬಲವಾದ ಪಾಠವಾಯಿತು. 1965ರಲ್ಲಿ ಹುಟ್ಟಿದ ಆಹಾರ ನಿಗಮದ ಉಗ್ರಾಣಗಳನ್ನು ದೇಶದ ಹಗೇವೆಂದರೆ ತಪ್ಪಲ್ಲ. ಅದರೊಳಗೆ ಬಿದ್ದುದು ಗೋಧಿ, ಅಕ್ಕಿ. ರಾಗಿಗೆ ಬಹುಕಾಲ ಅಲ್ಲಿ ಸ್ಥಾನವಿರಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದುದು ಆ ಕಾಲದ ಮಹಾಕಾರ್ಯ. ರಾಗಿಯ ತವರು ಪೂರ್ವ ಆಫ್ರಿಕವಾದುದರಿಂದ ಅದೊಂದು ಹಳೆಯ ನಂಟಿನ ನವೀಕರಣವೂ ಹೌದು.

ಎಣ್ಣೆಯ ವಿಷಯದಲ್ಲಿ ಒಮ್ಮೆ ಮಾತ್ರ ದೈವ ಒಲಿದಂತಾಯಿತು. 1986ರಲ್ಲಿ ಕೇಂದ್ರ ಸರ್ಕಾರವು ಎಣ್ಣೆಕಾಳುಗಳಿಗಾಗಿ ತಂತ್ರಜ್ಞಾನ ಮಿಷನ್ನನ್ನು ಸ್ಥಾಪಿಸಿ ಆಮದನ್ನು ಬಿಗಿಗೊಳಿಸಲು, ಎಂಟು ವರ್ಷಗಳೊಳಗೆ ದೇಶದ ಎಣ್ಣೆಕಾಳಿನ ಬೆಳೆ ಸುಮಾರು ಇಮ್ಮಡಿಯಾಯಿತು. ನೆರೆಯ ಚಳ್ಳಕೆರೆಯು ಎಣ್ಣೆಯ ಗಿರಣಿಗಳಿಂದ ಎರಡನೆಯ ಬೊಂಬಾಯಿ ಎನಿಸಿಕೊಂಡಿದ್ದ ಊರು. ಸಿರಾ ಸೀಮೆಯ ಕಾಯಿಗೆ ಆ ಪೇಟೆ ದೂರವಲ್ಲ. ಇಷ್ಟರಲ್ಲಿ ನೀತಿ ತಿರುಗಿತು. 1994ರಲ್ಲಿ ತಾಳೆಯೆಣ್ಣೆಯ ಆಮದನ್ನು ಶೇ. 65 ಸುಂಕದ ಮೇಲೆ ಯಾರಿಗಾದರೂ ತೆರೆದಿಟ್ಟರು. 1998ರಲ್ಲಿ ಸುಂಕ ಶೇ. 15ಕ್ಕೆ ಇಳಿಯಿತು. ಕಚ್ಚಾ ತಾಳೆಯೆಣ್ಣೆಗೆ 2001ರಲ್ಲಿ ಶೇ. 75ಕ್ಕೆ ಏರಿತು, 2008ರಲ್ಲಿ ಸೊನ್ನೆಯಾಯಿತು. ಮಲೇಷಿಯ, ಇಂಡೋನೇಷಿಯಗಳ ಎಣ್ಣೆ ಅಗ್ಗವಾಗಿ ಹರಿದುಬಂದಂತೆ ಚಳ್ಳಕೆರೆಯ ಗಿರಣಿಗಳು ಒಂದೊಂದಾಗಿ ನಿಂತುವು.

ಈ ಕಾಲದಲ್ಲಿಯೇ ಕರ್ನಾಟಕದ ರೈತಸಂಘವು ಪ್ರೊಫೆಸರ್ ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ಡಂಕೆಲ್ ಕರಡಿನ ವಿರುದ್ಧ ಎದ್ದು ನಿಂತಿತು. ಜಿನೀವಾದ ಆ ಅಧಿಕಾರಿಯ ಹೆಸರು ಹಳ್ಳಿಗಳ ನಾಲಗೆಯ ಮೇಲೂ ಹರಿದಾಡಿತು. ಅವರ ಭಯ ಸುಳ್ಳಲ್ಲ. ಆದರೂ ಒಂದು ಸಂಗತಿಯನ್ನು ಎತ್ತಿ ಹೇಳಬೇಕು. 1995ರಲ್ಲಿ ಆರಂಭವಾದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಲ್ಲಿ ತಾಳೆಯೆಣ್ಣೆಗೆ ಶೇ. 300ರವರೆಗೆ ಸುಂಕ ಹಾಕುವ ಹಕ್ಕನ್ನು ಭಾರತವು ಉಳಿಸಿಕೊಂಡಿತ್ತು. ಸೋಯಾ ಎಣ್ಣೆಗೆ ಮಾತ್ರ ಶೇ. 45ರ ಕಟ್ಟು. ತಾಳೆಯ ಬಾಗಿಲನ್ನು ತೆರೆದುದು ಜಿನೀವಾ ಅಲ್ಲ, ದೆಹಲಿ. ಪೇಟೆಯ ಜನರಿಗೆ ಎಣ್ಣೆ ಅಗ್ಗವಾಗಲೆಂಬ ಉದ್ದೇಶ ಕೆಟ್ಟದ್ದೇನಲ್ಲ. ಬುಕ್ಕಾಪಟ್ಟಣದ ಕೂಲಿಯವನೂ ಎಣ್ಣೆಯನ್ನು ಕೊಂಡೇ ತಿನ್ನುವವನು. ಅದರ ಖರ್ಚನ್ನೆಲ್ಲ ಬೆದ್ದಲಿನವನ ತಲೆಗೆ ಕಟ್ಟಿದುದು ಅನ್ಯಾಯ.

ಜಿನೀವಾದ ಕಟ್ಟು ನಿಜವಾಗಿ ಬಿಗಿದುದು ಹಗೇವಿಗೆ. ಸರ್ಕಾರವು ನಿಗದಿ ಮಾಡಿದ ಬೆಲೆಗೆ ಧಾನ್ಯವನ್ನು ಕೊಂಡು ದಾಸ್ತಾನು ಮಾಡಿದರೆ ಅದನ್ನು ಸಹಾಯಧನವೆಂದು ಎಣಿಸುವರು. ಎಣಿಸುವಾಗ ಹಿಡಿಯುವುದು 1986-88ರ ಲೋಕಧಾರಣೆಯನ್ನು! ಆಹಾರ ಭದ್ರತೆಯ ಕಾಯಿದೆ ದೆಹಲಿಯಲ್ಲಿ ಅಂಗೀಕೃತವಾದ 2013ರಲ್ಲಿಯೇ, ಡಿಸೆಂಬರಿನಲ್ಲಿ, ಬಾಲಿ ದ್ವೀಪದ ಸಭೆಯಲ್ಲಿ ಇದಕ್ಕೆ ತಾತ್ಕಾಲಿಕವಾದ ರಕ್ಷಣೆ ದೊರೆಯಿತು. 2024ರ ಅಬುಧಾಬಿಯ ಸಭೆಯೂ ಶಾಶ್ವತ ನಿರ್ಣಯವಿಲ್ಲದೆ ಮುಗಿಯಿತು. ಈ ನಡುವೆ ಕರ್ನಾಟಕವು ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ದಕ್ಷಿಣದ ಜಿಲ್ಲೆಗಳ ಪಡಿತರಕ್ಕೆ ಕೊಡತೊಡಗಿದುದು, ತಡವಾಗಿಯಾದರೂ, ಹಳೆಯ ವಿವೇಕಕ್ಕೆ ಮರಳಿದಂತೆ. 2025-26ಕ್ಕೆ ಕ್ವಿಂಟಾಲ್ ರಾಗಿಗೆ 4,886 ರೂಪಾಯಿ, ಕಡಲೆಕಾಯಿಗೆ 7,263 ರೂಪಾಯಿ ಬೆಂಬಲ ಬೆಲೆ ಗೊತ್ತಾಯಿತು.

2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷಿಯವು ತನ್ನ ಜನರಿಗೇ ಎಣ್ಣೆ ಸಾಲದೆಂದು ತಾಳೆಯೆಣ್ಣೆಯ ರಫ್ತನ್ನು ಮೂರು ವಾರಗಳಿಗೂ ಮಿಕ್ಕಿ ನಿಲ್ಲಿಸಿತು. 2024ರ ಸೆಪ್ಟೆಂಬರಿನಲ್ಲಿ, ಕಡಲೆಕಾಯಿ ಕೀಳುವ ಕಾಲ ಹತ್ತಿರವಾದಾಗ, ಭಾರತವು ಕಚ್ಚಾ ಎಣ್ಣೆಗಳ ಮೂಲಸುಂಕವನ್ನು ಶೇ. 20ಕ್ಕೆ ಏರಿಸಿತು. 2025ರ ಮೇ 30ರಂದು ಅದನ್ನೇ ಶೇ. 10ಕ್ಕೆ ಇಳಿಸಿತು. ಅದು ರೋಹಿಣಿ ಮಳೆಯ ಕಾಲ; ಬೆದ್ದಲಿನಲ್ಲಿ ಉಳುಮೆ ನಡೆದು, ಸಾಲ ಮಾಡಿ ಬಿತ್ತನೆಯ ಕಾಯಿಯನ್ನು ಹೊಂದಿಸಿಕೊಳ್ಳುವ ಹೊತ್ತು.