ರೈಫಲಿನ ನಳಿಗೆ
ಗುಂಡಿಗೆ ವೇಗವನ್ನೂ, ಒಳಮೈಯ ಸುರುಳಿಗೀರುಗಳ ಮೂಲಕ ಭ್ರಮಣವನ್ನೂ ನೀಡಿ ಅದರ ಪಥವನ್ನು ಸ್ಥಿರಗೊಳಿಸುವ ಉಕ್ಕಿನ ಕೊಳವೆ. ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ಅಥವಾ ತುಕ್ಕು ಹಿಡಿಯದ ಉಕ್ಕಿನ ಸರಳನ್ನು ಉದ್ದಕ್ಕೂ ಕೊರೆದು ನಯಗೊಳಿಸಿದ ಬಳಿಕ ಗೀರು ಮೂಡಿಸುವ ಕ್ರಮಗಳು ಹಲವು. ಒಂಟಿ ಅಲಗನ್ನು ಮತ್ತೆ ಮತ್ತೆ ಎಳೆದು, ಪ್ರತಿ ಎಳೆತಕ್ಕೂ ಮಿಲಿಮೀಟರಿನ ಸಹಸ್ರಾಂಶಗಳಷ್ಟೇ ಲೋಹವನ್ನು ಹೆರೆಯುವುದು ಪ್ರಾಚೀನವೂ ನಿಧಾನವೂ ಆದುದು. ಕಾರ್ಬೈಡ್ ಗುಂಡಿಯಿಂದ ಅದುಮಿ ಗೀರೆಬ್ಬಿಸುವುದು ಶೀಘ್ರವಾದರೂ ಉಕ್ಕಿನಲ್ಲುಳಿಯುವ ಬಿಗಿತವನ್ನು ಕಾಸಿ ಕಳೆಯಬೇಕಾಗುವುದು. ಅಚ್ಚುಸಲಾಕೆಯ ಸುತ್ತ ತಣ್ಣಗೇ ಬಡಿದು ರೂಪಿಸುವ ಕ್ರಮವು ಎರಡನೆಯ ಮಹಾಯುದ್ಧದ ಕಾಲದ ಜರ್ಮನಿಯಲ್ಲಿ ಬೆಳೆಯಿತು.

ಶ್ರೇಷ್ಠ ದರ್ಜೆಯ ನಳಿಗೆಯ ವೈಶಿಷ್ಟ್ಯವು ಬಹುಮಟ್ಟಿಗೆ ಕೊನೆಯ ಹಸ್ತಕರ್ಮದಲ್ಲಿದೆ. ನಳಿಗೆಯೊಳಗೇ ಎರಕ ಹೊಯ್ದ ಸೀಸಕ್ಕೆ ಸಾಣೆಪುಡಿ ಲೇಪಿಸಿ ಹಿಂದಕ್ಕೂ ಮುಂದಕ್ಕೂ ಎಳೆಯುವ ಕುಶಲಿಯು ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ಅಂಗೈಯಿಂದಲೇ ಅರಿಯುತ್ತಾನೆ. ಈ ಪರಿಶ್ರಮಕ್ಕೆ ತೆರುವ ಬೆಲೆ ದೂರದ ಗುರಿಸ್ಪರ್ಧೆಗಳಲ್ಲಿ ನಿಶ್ಚಯವಾಗಿಯೂ ಸಾರ್ಥಕ. ನೂರಿನ್ನೂರು ಗಜಗಳೊಳಗಿನ ಬೇಟೆಗಾದರೋ ಕಾರ್ಖಾನೆಯ ಸಾಧಾರಣ ನಳಿಗೆಯೇ ಸಾಕು. ಮಿಕ್ಕ ಹಣವನ್ನು ಉತ್ತಮ ಮದ್ದುಗುಂಡುಗಳಿಗೂ ಅಭ್ಯಾಸಕ್ಕೂ ವ್ಯಯಿಸುವುದು ಮೇಲು.

ಆದರೆ ಬೆಲೆಯೊಂದೇ ನಳಿಗೆಯ ಬಾಳಿಕೆಯನ್ನು ನಿರ್ಧರಿಸದು. ಅಮೆರಿಕದ ಕ್ಯಾಲಿಫೋರ್ನಿಯಾದ ಸೌತ್ ಗೇಟಿನಲ್ಲಿ 1945ರಲ್ಲಿ ರೈಫಲ್ ಉದ್ಯಮವನ್ನಾರಂಭಿಸಿದ ರಾಯ್ ವೆದರ್‌ಬಿ ಅತಿವೇಗದ ಗುಂಡುಗಳಿಂದ ಖ್ಯಾತನಾದನು. ಅಂತಹ ತೋಟಾಗಳಲ್ಲಿ ಅಧಿಕ ಮದ್ದಿನ ಕಾವು ನಳಿಗೆಯ ಕಂಠಭಾಗವನ್ನು ಬೇಗನೆ ಸವೆಸುವುದರಿಂದ, ಎಷ್ಟೇ ಬೆಲೆಯ ನಳಿಗೆಯೂ ಅಲ್ಲಿ ಅಲ್ಪಾಯುವೇ ಸರಿ.