ಫೈನಲ್ ಕಟ್ ಆದ ಮೇಲೆ

2011ರ ಏಪ್ರಿಲ್ 12ರ ಸಂಜೆ ಲಾಸ್ ವೇಗಸ್‌ನ ಸಭಾಂಗಣವೊಂದರಲ್ಲಿ ಎಡಿಟರ್‌ಗಳು ಕಿಕ್ಕಿರಿದು ಸೇರಿದ್ದರು. ಪ್ರಸಾರ ಉದ್ಯಮದ ವಾರ್ಷಿಕ ಮೇಳ ಎನ್‌ಎಬಿ ನಡೆಯುತ್ತಿದ್ದ ವಾರವದು. ಆಪಲ್ ಕಂಪನಿಯವರು ವೇದಿಕೆಗೆ ಬಂದು, ಬುಡದಿಂದ ಹೊಸದಾಗಿ ಬರೆದ ತಮ್ಮ ವಿಡಿಯೊ ಎಡಿಟಿಂಗ್ ತಂತ್ರಾಂಶ ಫೈನಲ್ ಕಟ್ ಪ್ರೊ ಎಕ್ಸ್ ತೋರಿಸಿದರು. ಒಂದೊಂದು ಸೌಲಭ್ಯಕ್ಕೂ ಶಿಳ್ಳೆ, ಚಪ್ಪಾಳೆ. ಜೂನ್ 21ರಂದು ಅದೇ ತಂತ್ರಾಂಶ 299.99 ಡಾಲರ್‌ಗೆ ಮಾರಾಟಕ್ಕೆ ಬಂದಾಗ ಚಪ್ಪಾಳೆ ಹೊಡೆದವರೇ ಬೈಯತೊಡಗಿದರು. ಹಳೆಯದನ್ನು ವಾಪಸ್ ಕೊಡಿ ಎಂಬ ಮನವಿಗೆ ಸಾವಿರಾರು ಜನ ಸಹಿ ಹಾಕಿದರು. ಅಮೆರಿಕದ ಟಿವಿ ಹಾಸ್ಯಗಾರ ಕೋನನ್ ಓಬ್ರಯನ್ ಅವರ ಎಡಿಟರ್‌ಗಳೇ ಹೊಸ ಆವೃತ್ತಿಯನ್ನು ಅಣಕಿಸಿ ಒಂದು ತುಣುಕು ಮಾಡಿದರು. 7ನೇ ಆವೃತ್ತಿ ಆದಮೇಲೆ ನೇರ 10ಕ್ಕೆ ಹಾರಿದ್ದೂ ಒಂದು ಗೇಲಿಯ ವಸ್ತುವಾಯಿತು.

ಇವತ್ತು ಎಡಿಟಿಂಗ್ ತಂತ್ರಾಂಶ ಆರಿಸಿಕೊಳ್ಳಲು ಹೊರಟವರ ಮುಂದೆ ಇರುವ ಹೆಸರುಗಳು, ಅವುಗಳ ಬೆಲೆ, ಅವು ಮಾರಾಟವಾಗುವ ರೀತಿ ಎಲ್ಲವೂ ಬಹುಮಟ್ಟಿಗೆ ಆ ಜಗಳದ ನಂತರ ರೂಪುಗೊಂಡವು. ಆದರೆ ಜಗಳ ಯಾವುದರ ಬಗ್ಗೆ ಎಂಬುದು ಈಗ ಅರ್ಧಂಬರ್ಧ ನೆನಪಾಗಿ ಉಳಿದಿದೆ. ‘ಎಡಿಟರ್‌ಗಳಿಗೆ ಹೊಸ ಟೈಮ್‌ಲೈನ್ ಹಿಡಿಸಲಿಲ್ಲ’ ಎನ್ನುತ್ತಾರೆ. ಅದು ಕಥೆಯ ಸಣ್ಣ ಭಾಗ. ಉಳಿದದ್ದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಫಿಲಂ ಕಾಲದಲ್ಲಿ ಮೂವಿಯೋಲಾ, ಸ್ಟೀನ್‌ಬೆಕ್ ಎಂಬ ಎಡಿಟಿಂಗ್ ಯಂತ್ರಗಳ ಮುಂದೆ ಕೂತವರು ರೀಲನ್ನು ಎಲ್ಲಿ ಬೇಕಾದರೂ ಕತ್ತರಿಸಿ ನಡುವೆ ಇನ್ನೊಂದು ಶಾಟ್ ಅಂಟಿಸಬಹುದಿತ್ತು. ವಿಡಿಯೊ ಟೇಪ್ ಬಂದು ಆ ಸ್ವಾತಂತ್ರ್ಯ ಕಿತ್ತುಕೊಂಡಿತು. ಟೇಪಿನಿಂದ ಟೇಪಿಗೆ ಒಂದಾದ ಮೇಲೊಂದು ಶಾಟ್ ನಕಲು ಮಾಡುತ್ತ ಹೋಗಬೇಕು. ಮಧ್ಯದ ಶಾಟ್ ಎರಡು ಸೆಕೆಂಡ್ ಉದ್ದವಾದರೆ ಮುಂದಿನದ್ದೆಲ್ಲ ಮತ್ತೆ ನಕಲು. ಇದರಿಂದ ಪಾರಾಗಲು ಸಿಬಿಎಸ್ ಮತ್ತು ಮೆಮೊರೆಕ್ಸ್ ಕಂಪನಿಗಳು ಕೂಡಿ 1971ರಲ್ಲಿ ಸಿಎಂಎಕ್ಸ್ 600 ಎಂಬ ಯಂತ್ರ ತಂದವು. ಚಿತ್ರವನ್ನು ಕಂಪ್ಯೂಟರ್ ಡಿಸ್ಕುಗಳಲ್ಲಿ ತುಂಬಿಸಿ, ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ಮುಟ್ಟಿ ಶಾಟ್ ಆರಿಸುವ ಯಂತ್ರ. ಬೆಲೆ ಸುಮಾರು 2.5 ಲಕ್ಷ ಡಾಲರ್, ಚಿತ್ರ ಕಪ್ಪು-ಬಿಳುಪು. ಕೊಂಡವರು ಬೆರಳೆಣಿಕೆಯಷ್ಟು.

ಯಂತ್ರ ಮೂಲೆ ಸೇರಿತು, ಅದನ್ನು ಮಾಡಿದ ಸಿಎಂಎಕ್ಸ್ ಕಂಪನಿಯೂ ಕೊನೆಗೆ ಮುಚ್ಚಿತು. ಆದರೆ ಆ ಕಂಪನಿಯ ಮುಂದಿನ ಯಂತ್ರಗಳಿಂದ ಹುಟ್ಟಿದ ಇಡಿಎಲ್ ಇಂದಿಗೂ ಬದುಕಿದೆ. ಯಾವ ರೀಲಿನ ಯಾವ ಟೈಮ್‌ಕೋಡ್‌ನಿಂದ ಯಾವ ಟೈಮ್‌ಕೋಡ್‌ವರೆಗೆ ಎತ್ತಿಕೊಂಡು ಸಿನಿಮಾದ ಯಾವ ಜಾಗದಲ್ಲಿ ಕೂರಿಸಬೇಕು ಎಂದು ಸಾಲು ಸಾಲಾಗಿ ಬರೆದ ಸರಳ ಪಠ್ಯ ಕಡತ ಅದು. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಇವತ್ತು ಡಿಐ, ಅಂದರೆ ಸಿನಿಮಾದ ಬಣ್ಣ ತಿದ್ದುವ ಕೊನೆಯ ಹಂತದ ಕೆಲಸ, ಮಾಡುವವರ ಹತ್ತಿರ ಹೋದರೂ ‘ಸಿಎಂಎಕ್ಸ್ 3600 ಇಡಿಎಲ್ ಕೊಡಿ’ ಎನ್ನುತ್ತಾರೆ. ಹಾಗೆನ್ನುವವರಲ್ಲಿ ಎಷ್ಟೋ ಜನ ಆ ಹೆಸರಿನ ಯಂತ್ರವನ್ನು ಕಣ್ಣಿನಿಂದ ಕಂಡಿರಲಿಕ್ಕಿಲ್ಲ.

1980ರ ದಶಕ ಪ್ರಯೋಗಗಳಲ್ಲೇ ಕಳೆಯಿತು. ಜಾರ್ಜ್ ಲೂಕಸ್‌ರ ಸಂಸ್ಥೆ ಲೇಸರ್‌ಡಿಸ್ಕುಗಳನ್ನು ನಂಬಿ ಎಡಿಟ್‌ಡ್ರಾಯ್ಡ್ ಮಾಡಿತು, ಅದು ನಿಲ್ಲಲಿಲ್ಲ. ನಿಂತದ್ದು ಬಿಲ್ ವಾರ್ನರ್ 1987ರಲ್ಲಿ ಶುರುಮಾಡಿದ ಅವಿಡ್. 1989ರಲ್ಲಿ ಅದರ ಮೀಡಿಯಾ ಕಂಪೋಸರ್ ಮ್ಯಾಕಿಂಟಾಷ್ ಮೇಲೆ ಓಡಿತು. ಹಾಲಿವುಡ್ ಸಂಕಲನಕಾರ ವಾಲ್ಟರ್ ಮರ್ಚ್ ‘ದಿ ಇಂಗ್ಲಿಷ್ ಪೇಷಂಟ್’ ಸಂಕಲನವನ್ನು ಫಿಲಂ ಮೇಲೆ ಆರಂಭಿಸಿ ಅರ್ಧದಲ್ಲಿ ಅವಿಡ್‌ಗೆ ಬಂದರು. 1997ರಲ್ಲಿ ಅದಕ್ಕೆ ಸಂಕಲನದ ಆಸ್ಕರ್ ಸಿಕ್ಕಿತು. ಕಂಪ್ಯೂಟರಿನಲ್ಲಿ ಮಾಡಿದ ಸಂಕಲನಕ್ಕೆ ಸಿಕ್ಕ ಮೊದಲ ಆಸ್ಕರ್. ಅಷ್ಟರಲ್ಲಿ ಹಾಲಿವುಡ್‌ನಲ್ಲಿ ಅವಿಡ್ ಅಂದರೆ ಎಡಿಟಿಂಗ್ ಎನ್ನುವಂತಾಗಿತ್ತು. ಬೆಲೆ ಮಾತ್ರ ಹತ್ತಾರು ಸಾವಿರ ಡಾಲರ್; ಸ್ವಂತಕ್ಕೆ ಕೊಳ್ಳುವ ಮಾತಿರಲಿಲ್ಲ, ಗಂಟೆ ಲೆಕ್ಕದ ಬಾಡಿಗೆ.

ಈ ಕಥೆಯಲ್ಲಿ ಮತ್ತೆ ಮತ್ತೆ ಬರುವ ಹೆಸರು ರ‍್ಯಾಂಡಿ ಉಬಿಲೋಸ್. 1991ರಲ್ಲಿ ಬಂದ ಅಡೋಬಿ ಪ್ರೀಮಿಯರ್‌ನ ಮೊದಲ ಆವೃತ್ತಿಗಳನ್ನು ಬರೆದವರು ಅವರು. ಆಮೇಲೆ ಮ್ಯಾಕ್ರೊಮೀಡಿಯಾಕ್ಕೆ ಹೋಗಿ ಕೀಗ್ರಿಪ್ ಎಂಬ ತಂತ್ರಾಂಶ ಕಟ್ಟಿದರು. 1998ರಲ್ಲಿ ಆಪಲ್ ಅದನ್ನು ತಂಡದ ಸಮೇತ ಕೊಂಡಿತು. 1999ರಲ್ಲಿ ಅದೇ 999 ಡಾಲರ್‌ಗೆ ಫೈನಲ್ ಕಟ್ ಪ್ರೊ ಆಗಿ ಹೊರಬಂತು. ಡಿವಿ ಕ್ಯಾಮೆರಾ, ಫೈರ್‌ವೈರ್ ಕೇಬಲ್, ಒಂದು ಮ್ಯಾಕ್ ಇದ್ದರೆ ಮನೆಯ ಕೋಣೆಯೇ ಎಡಿಟಿಂಗ್ ಸೂಟ್. ಮರ್ಚ್ 2003ರ ‘ಕೋಲ್ಡ್ ಮೌಂಟನ್’ ಚಿತ್ರವನ್ನು ಇದರಲ್ಲಿ ಸಂಕಲಿಸಿದರು. ಆಗ ಅವರ ತಂಡಕ್ಕೆ ತಲೆನೋವಾದದ್ದು ಕತ್ತರಿಸುವ ಕೆಲಸವಲ್ಲ. ಕತ್ತರಿಸಿದ್ದನ್ನು ಶಬ್ದ ವಿಭಾಗಕ್ಕೆ ದಾಟಿಸುವುದು, ಬದಲಾವಣೆಗಳ ಪಟ್ಟಿ ತೆಗೆಯುವುದು. ಮುಂದಿನ ಆವೃತ್ತಿಗಳಲ್ಲಿ ಅದು ಸರಿಹೋಯಿತು. 2011ರ ಫೆಬ್ರುವರಿಯಲ್ಲಿ ‘ದಿ ಸೋಷಿಯಲ್ ನೆಟ್‌ವರ್ಕ್’ ಸಂಕಲನಕ್ಕೆ ಆಸ್ಕರ್ ಬಂದಾಗ ಅದರ ಹಿಂದಿದ್ದದ್ದು ಫೈನಲ್ ಕಟ್. ಮುಂಬೈ, ಚೆನ್ನೈ, ಬೆಂಗಳೂರಿನ ಸೂಟುಗಳಲ್ಲೂ ಅದು ಬೇರು ಬಿಟ್ಟಿತ್ತು. ಎಡಿಟಿಂಗ್ ಕಲಿಯುತ್ತೇನೆಂದು ಬಂದ ಹುಡುಗರಿಗೆ ಮೊದಲು ಕಲಿಸುತ್ತಿದ್ದದ್ದು ‘ಎಫ್‌ಸಿಪಿ’.

ನಾಲ್ಕು ತಿಂಗಳಲ್ಲಿ ಅದರ ಮಾರಾಟವೇ ನಿಂತಿತು.

ಪುನರ್ವಿನ್ಯಾಸಕ್ಕೆ ಕಾರಣವಿರಲಿಲ್ಲ ಎಂದಲ್ಲ. ಹಳೆಯ ಫೈನಲ್ ಕಟ್ 32-ಬಿಟ್ ತಂತ್ರಾಂಶ. ಯಂತ್ರದಲ್ಲಿ ಎಷ್ಟೇ ಮೆಮೊರಿ ತುಂಬಿಸಿದರೂ ಅದು 4 ಜಿಬಿ ದಾಟಿ ಬಳಸಲಾರದು. ಸಣ್ಣ ಪರಿಣಾಮ ಹಾಕಿದರೂ ‘ರೆಂಡರ್’ ಕೆಂಪು ಗೆರೆ ಬಿದ್ದು ಚಹಾ ಕುಡಿದು ಬರಬೇಕು. ಅದು ನಿಂತಿದ್ದ ಕಾರ್ಬನ್ ಎಂಬ ತಳಪಾಯವನ್ನು 64-ಬಿಟ್‌ಗೆ ಏರಿಸುವುದಿಲ್ಲ ಎಂದು ಆಪಲ್ 2007ರಲ್ಲೇ ತೀರ್ಮಾನಿಸಿತ್ತು. ಹಾಗಾಗಿ ಮತ್ತೆ ಬರೆಯಲೇಬೇಕಿತ್ತು. ಬರೆಯುವಾಗ ಉಬಿಲೋಸ್ ತಂಡ ಟೈಮ್‌ಲೈನ್ ಎಂಬ ಕಲ್ಪನೆಯನ್ನೇ ಬದಲಿಸಿತು.

ಹಳೆಯ ಪದ್ಧತಿಯಲ್ಲಿ ಟ್ರ್ಯಾಕ್‌ಗಳಿರುತ್ತವೆ. ಮೊದಲೆರಡು ಆಡಿಯೊ ಟ್ರ್ಯಾಕಿನಲ್ಲಿ ಸಂಭಾಷಣೆ, ಕೆಳಗೆ ಎಫೆಕ್ಟ್ಸ್, ಅದರ ಕೆಳಗೆ ಸಂಗೀತ. ಪ್ರತಿ ತುಣುಕಿಗೂ ಒಂದು ಸ್ಥಿರ ಜಾಗ. ನಡುವೆ ಏನಾದರೂ ತೂರಿಸಿದರೆ ಮುಂದಿನದ್ದೆಲ್ಲ ತಾಳ ತಪ್ಪದಂತೆ ಎಡಿಟರೇ ಕಾಯಬೇಕು. ಹೊಸ ‘ಮ್ಯಾಗ್ನೆಟಿಕ್ ಟೈಮ್‌ಲೈನ್’ನಲ್ಲಿ ಟ್ರ್ಯಾಕ್‌ಗಳೇ ಇಲ್ಲ. ಒಂದು ಮುಖ್ಯ ಕಥಾಸರಣಿ. ಉಳಿದ ಚಿತ್ರ, ಶಬ್ದಗಳೆಲ್ಲ ಅದರ ಯಾವುದೋ ಶಾಟ್‌ಗೆ ಅಂಟಿಕೊಂಡಿರುತ್ತವೆ. ಶಾಟ್ ಸರಿಸಿದರೆ ಅಂಟಿಕೊಂಡದ್ದೂ ಜೊತೆಗೆ ಸರಿಯುತ್ತದೆ, ತೆಗೆದರೆ ಖಾಲಿ ಜಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಶಾಟ್‌ಗಳನ್ನು ವಿಂಗಡಿಸಿಡುವ ಬಿನ್‌ಗಳ ಬದಲು ಕೀವರ್ಡ್‌ಗಳು. ರೆಂಡರ್ ಹಿನ್ನೆಲೆಯಲ್ಲಿ ನಡೆಯುತ್ತದೆ. ಒಬ್ಬರೇ ಕೂತು ಸಾಕ್ಷ್ಯಚಿತ್ರವನ್ನೋ ಸುದ್ದಿ ತುಣುಕನ್ನೋ ಕಟ್ಟುವವರಿಗೆ ಇದು ನಿಜಕ್ಕೂ ವೇಗ. ನನ್ನ ಮಟ್ಟಿಗೆ ಇಡೀ ಕ್ಷೇತ್ರದಲ್ಲಿ ಅವಿಡ್ ನಂತರ ಬಂದ ಒಂದೇ ಮೂಲಭೂತ ಹೊಸ ಯೋಚನೆ ಇದು.

ಹಾಗಾದರೆ ಸಿಟ್ಟು ಯಾಕೆ? ಹೊಸ ಆವೃತ್ತಿ ಹಳೆಯ ಫೈನಲ್ ಕಟ್‌ನ ಪ್ರಾಜೆಕ್ಟ್‌ಗಳನ್ನು ತೆರೆಯುತ್ತಿರಲಿಲ್ಲ. ಇಡಿಎಲ್ ಕೊಡುತ್ತಿರಲಿಲ್ಲ. ಟೈಮ್‌ಲೈನನ್ನು ಬೇರೆ ತಂತ್ರಾಂಶಕ್ಕೆ ದಾಟಿಸುವ ಎಕ್ಸ್‌ಎಂಎಲ್ ಇಲ್ಲ, ಶಬ್ದ ವಿಭಾಗಕ್ಕೆ ಕಳಿಸುವ ಒಎಂಎಫ್ ಇಲ್ಲ. ಟೇಪಿಗೆ ಇಳಿಸುವಂತಿಲ್ಲ, ಹೊರಗಿನ ಬ್ರಾಡ್‌ಕಾಸ್ಟ್ ಮಾನಿಟರ್‌ನಲ್ಲಿ ನೋಡುವಂತಿಲ್ಲ, ಹಲವು ಕ್ಯಾಮೆರಾಗಳ ಚಿತ್ರವನ್ನು ಒಟ್ಟಿಗೆ ಕತ್ತರಿಸುವ ಮಲ್ಟಿಕ್ಯಾಮ್ ಇಲ್ಲ. ಮಲ್ಟಿಕ್ಯಾಮ್ ಕಾಯಬಹುದು. ಆದರೆ ಒಳಗೆ ಕಟ್ಟಿದ್ದನ್ನು ಹೊರಗೆ ಒಯ್ಯಲಾಗದ ತಂತ್ರಾಂಶ ಸಿನಿಮಾದವರಿಗೆ ಯಾವ ಉಪಯೋಗಕ್ಕೆ? ಸಂಕಲನ ಮುಗಿದ ಮೇಲೆ ಡಬ್ಬಿಂಗ್, ಸೌಂಡ್ ಮಿಕ್ಸಿಂಗ್, ಡಿಐ ಎಂದು ಕೆಲಸ ನಾಲ್ಕು ಕೈ ದಾಟುತ್ತದೆ. ಸಾಲದ್ದಕ್ಕೆ ಆಪಲ್ ಅದೇ ದಿನ ಹಳೆಯ ಫೈನಲ್ ಕಟ್ ಸ್ಟುಡಿಯೊ ಮಾರಾಟ ನಿಲ್ಲಿಸಿತು. ಅರ್ಧ ಸಿನಿಮಾ ಮಾಡಿ ಇನ್ನೆರಡು ಯಂತ್ರ ಸೇರಿಸಬೇಕೆಂದಿದ್ದವರಿಗೆ ಲೈಸೆನ್ಸ್ ಸಿಗಲಿಲ್ಲ. ಹೊಸ ಮನೆಗೆ ಅಡುಗೆಕೋಣೆ ಕಟ್ಟುವ ಮೊದಲೇ ಹಳೆ ಮನೆಗೆ ಬೀಗ ಜಡಿದಂತಾಯಿತು.

ಆಪಲ್‌ಗೆ ಇದು ಮೊದಲ ಅನುಭವವೂ ಅಲ್ಲ. 2007ರ ಐಮೂವಿ ’08ನ್ನೂ ಉಬಿಲೋಸ್ ಹೀಗೆಯೇ ಬುಡದಿಂದ ಬದಲಿಸಿದ್ದರು, ಆಗಲೂ ಗಲಾಟೆಯಾಗಿತ್ತು. ಆದರೆ ಆಗ ಹಳೆಯ ಐಮೂವಿಯನ್ನು ಬೇಕಾದವರು ಉಚಿತವಾಗಿ ಇಳಿಸಿಕೊಳ್ಳಿ ಎಂದು ಕಂಪನಿ ಬಿಟ್ಟುಕೊಟ್ಟಿತ್ತು. ಹವ್ಯಾಸಿಗಳಿಗೆ ಸಿಕ್ಕ ಆ ಔದಾರ್ಯ ಅನ್ನದ ದಾರಿಯಾಗಿ ಬಳಸುವವರಿಗೆ ಸಿಗಲಿಲ್ಲ. ಕೆಲವು ತಿಂಗಳ ಮೇಲೆ ಹಳೆಯದನ್ನು ಫೋನ್ ಮಾಡಿ ಕೇಳಿದ ಸಂಸ್ಥೆಗಳಿಗೆ ಮಾರತೊಡಗಿದರು. ಎಕ್ಸ್‌ಎಂಎಲ್ ಸೆಪ್ಟೆಂಬರ್‌ನಲ್ಲಿ ಬಂತು, ಮಲ್ಟಿಕ್ಯಾಮ್ 2012ರ ಜನವರಿಯಲ್ಲಿ. ಟ್ರ್ಯಾಕ್‌ಗಳ ಬದಲಿಗೆ ‘ರೋಲ್ಸ್’ ಬಂದವು: ಇದು ಸಂಭಾಷಣೆ, ಇದು ಸಂಗೀತ ಎಂದು ಪ್ರತಿ ತುಣುಕಿಗೂ ಚೀಟಿ ಅಂಟಿಸಿ, ಅದರ ಪ್ರಕಾರ ಬೇರ್ಪಡಿಸಿ ಹೊರತೆಗೆಯುವ ಏರ್ಪಾಡು. ಹೋದವರು ಅಷ್ಟರಲ್ಲಿ ಹೋಗಿದ್ದರು. ಹಾಲಿವುಡ್‌ನ ದೊಡ್ಡ ಸ್ಟುಡಿಯೊ ಚಿತ್ರವೊಂದು, ‘ಫೋಕಸ್’, ಹೊಸ ಫೈನಲ್ ಕಟ್‌ನಲ್ಲಿ ಸಿದ್ಧವಾಗಿ ತೆರೆಕಂಡದ್ದು 2015ರಲ್ಲಿ.

ಹೋದವರನ್ನು ಬರಮಾಡಿಕೊಳ್ಳಲು ಬಾಗಿಲಲ್ಲೇ ನಿಂತಿದ್ದವರು ಅಡೋಬಿ ಮತ್ತು ಅವಿಡ್. ಫೈನಲ್ ಕಟ್ ಬಿಟ್ಟು ಬಂದರೆ ಅರ್ಧ ಬೆಲೆ ಎಂದಿತು ಅಡೋಬಿ. ಅವಿಡ್ ಕೂಡ ರಿಯಾಯಿತಿ ಘೋಷಿಸಿತು. ಪ್ರೀಮಿಯರ್ 2003ರಲ್ಲಿ ಮ್ಯಾಕ್ ಅನ್ನೇ ಕೈಬಿಟ್ಟು 2007ರಲ್ಲಿ ಮರಳಿದ್ದ ತಂತ್ರಾಂಶ. 2010ರ ಸಿಎಸ್5ರಿಂದ 64-ಬಿಟ್ ಆಗಿತ್ತು, ಹಳೆಯ ಫೈನಲ್ ಕಟ್‌ನ ಎಕ್ಸ್‌ಎಂಎಲ್ ಓದುತ್ತಿತ್ತು, ಕೀಬೋರ್ಡ್ ಶಾರ್ಟ್‌ಕಟ್‌ಗಳನ್ನೂ ಫೈನಲ್ ಕಟ್‌ನಂತೆಯೇ ಇಟ್ಟುಕೊಳ್ಳಲು ಬಿಡುತ್ತಿತ್ತು. ವಲಸೆ ಸುಲಭವಾಯಿತು. ‘ದಿ ಸೋಷಿಯಲ್ ನೆಟ್‌ವರ್ಕ್’ಗೆ ಆಸ್ಕರ್ ಪಡೆದ ಇಬ್ಬರಲ್ಲಿ ಒಬ್ಬರಾದ ಕರ್ಕ್ ಬ್ಯಾಕ್ಸ್‌ಟರ್ 2014ರ ‘ಗಾನ್ ಗರ್ಲ್’ ಅನ್ನು ಪ್ರೀಮಿಯರ್‌ನಲ್ಲಿ ಕತ್ತರಿಸಿದರು. ಆದರೆ 2013ರ ಮೇ ತಿಂಗಳಲ್ಲಿ ಅಡೋಬಿ ತನ್ನ ಹೊಸ ಆವೃತ್ತಿಗಳನ್ನು ಇನ್ನು ಚಂದಾ ಕಟ್ಟಿಯೇ ಬಳಸಬೇಕು ಎಂದಿತು. ಒಂದು ಕಂಪನಿಯ ದರ್ಪಕ್ಕೆ ಬೇಸತ್ತು ಓಡಿಬಂದವರು ಎರಡು ವರ್ಷದೊಳಗೆ ಇನ್ನೊಂದರ ಮಾಸಿಕ ಬಾಡಿಗೆದಾರರಾದರು. ತಮಾಷೆಯೆಂದರೆ, 2011ರಲ್ಲಿ ಬೈಯುತ್ತಲೇ 299.99 ಡಾಲರ್ ಕೊಟ್ಟವರಿಗೆ ಮ್ಯಾಕ್ ಮೇಲಿನ ಫೈನಲ್ ಕಟ್‌ನ 2024ರ 11ನೇ ಆವೃತ್ತಿಯೂ ಹೆಚ್ಚಿನ ಹಣವಿಲ್ಲದೆ ಸಿಕ್ಕಿತು.

ಮೂರನೆಯ ದಾರಿ ಆಸ್ಟ್ರೇಲಿಯಾದಿಂದ ತೆರೆಯಿತು. ಗ್ರ್ಯಾಂಟ್ ಪೆಟ್ಟಿಯವರ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ 2009ರಲ್ಲಿ ಡಾವಿಂಚಿ ಕಂಪನಿಯನ್ನು ಕೊಂಡಿತು. ಅದರ ಬಣ್ಣ ತಿದ್ದುವ ಯಂತ್ರಗಳು ಲಕ್ಷಾಂತರ ಡಾಲರ್ ಬೆಲೆಯವು. 2010ರಲ್ಲಿ ಅದನ್ನೇ ಮ್ಯಾಕ್‌ಗೆ 995 ಡಾಲರ್ ತಂತ್ರಾಂಶವಾಗಿ ಇಳಿಸಿದರು, ಮರುವರ್ಷ ಉಚಿತ ಆವೃತ್ತಿಯನ್ನೇ ಬಿಟ್ಟರು. ಬಣ್ಣಕ್ಕೆಂದು ಬಂದ ರಿಸಾಲ್ವ್‌ಗೆ ನಿಧಾನವಾಗಿ ಎಡಿಟಿಂಗ್ ಸೇರಿತು. 2017ರಲ್ಲಿ ಫೇರ್‌ಲೈಟ್ ಎಂಬ ಶಬ್ದ ವಿಭಾಗ, 2018ರಲ್ಲಿ ಫ್ಯೂಷನ್ ಎಂಬ ಗ್ರಾಫಿಕ್ಸ್ ವಿಭಾಗ. ಉಚಿತ ಆವೃತ್ತಿಯೇ ಅಲ್ಟ್ರಾ ಎಚ್‌ಡಿವರೆಗೆ ಹೊರತೆಗೆಯುತ್ತದೆ. ಪೂರ್ಣ ಆವೃತ್ತಿಗೆ ಒಮ್ಮೆ ಕೊಟ್ಟರೆ ಮುಗಿಯಿತು. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಅದು ತೆವಳುತ್ತದೆ.

ಇದೇನು ಧರ್ಮಾರ್ಥವೇ? ಇಲ್ಲ. ಬ್ಲ್ಯಾಕ್‌ಮ್ಯಾಜಿಕ್ ಮಾರುವುದು ಕ್ಯಾಮೆರಾ, ಕಾರ್ಡ್, ಕಂಟ್ರೋಲ್ ಪ್ಯಾನೆಲ್. ಆಪಲ್ ಮಾರುವುದು ಮ್ಯಾಕ್. ಅಡೋಬಿ ಮಾರುವುದು ಚಂದಾ. ಅವಿಡ್ ಬದುಕಿರುವುದು ಸ್ಟುಡಿಯೊ, ಚಾನೆಲ್‌ಗಳ ಮೇಲೆ. ಹತ್ತು ಜನ ಒಂದೇ ಪ್ರಾಜೆಕ್ಟಿನಲ್ಲಿ ಏಕಕಾಲಕ್ಕೆ ಕೂರಬೇಕಾದಲ್ಲಿ ಈಗಲೂ ಅದರದೇ ಮೇಲುಗೈ. ಯಾರ ಆದಾಯ ಎಲ್ಲಿಂದ ಎಂಬುದನ್ನು ನೋಡಿದರೆ ಮುಂದಿನ ಪುನರ್ವಿನ್ಯಾಸ ಯಾರನ್ನು ಮೆಚ್ಚಿಸಲು ಬರುತ್ತದೆ ಎಂಬುದೂ ಊಹಿಸಬಹುದು. ಕೆಡಿಇಎನ್‌ಲೈವ್, ಶಾಟ್‌ಕಟ್ ಮುಂತಾದ ಮುಕ್ತ ತಂತ್ರಾಂಶಗಳು ಸಿನಿಮಾಕ್ಕೆ ಸಾಲಲಿಕ್ಕಿಲ್ಲ. ಶಾಲೆಗೆ, ಯೂಟ್ಯೂಬ್‌ಗೆ ಧಾರಾಳ ಸಾಕು. ಹಳೆಯ ಆವೃತ್ತಿಯನ್ನು ಯಾರೂ ನಿಮ್ಮಿಂದ ಕಸಿದುಕೊಳ್ಳುವಂತಿಲ್ಲ ಎಂಬುದು ಅವುಗಳ ಹೆಚ್ಚುಗಾರಿಕೆ.

ಎಲ್ಲರೂ ವಲಸೆ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. 2020ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದ ಕೊರಿಯಾದ ‘ಪ್ಯಾರಸೈಟ್’ ಅನ್ನು ಸಂಕಲನಕಾರ ಯಾಂಗ್ ಜಿನ್-ಮೊ ಕತ್ತರಿಸಿದ್ದು ಫೈನಲ್ ಕಟ್ 7ರಲ್ಲಿ. ಅಷ್ಟರಲ್ಲಿ ಹೊಸ ಮ್ಯಾಕ್‌ಗಳಲ್ಲಿ ಅದು ಓಡುವುದೇ ನಿಂತಿತ್ತು. ಹಳೆಯ ಯಂತ್ರವನ್ನು ಅಪ್‌ಡೇಟ್ ಮಾಡದೆ ಜೋಪಾನವಾಗಿ ಇಟ್ಟುಕೊಳ್ಳುವವರು ನಮ್ಮಲ್ಲೂ ಬಹಳ ಜನ ಇದ್ದರು.

ಫೋನಿನಲ್ಲಿ ಎಡಿಟ್ ಮಾಡುವ ತಲೆಮಾರಿಗೆ ಇದೆಲ್ಲ ಪುರಾಣ ಎನಿಸಬಹುದು. ಆದರೆ 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವಿವಾ ವಿಡಿಯೊ ಎಂಬ ಎಡಿಟಿಂಗ್ ಆ್ಯಪ್ ಕೂಡ ಇತ್ತು. ಆ್ಯಪ್‌ನೊಳಗೆ ಉಳಿದ ಅರ್ಧ ಕೆಲಸವನ್ನು ಬೇರೆಡೆಗೆ ಸಾಗಿಸಲು ಅಲ್ಲಿ ಇಡಿಎಲ್ ಯಾರೂ ಕೊಟ್ಟಿರಲಿಲ್ಲ.

ಆದ್ದರಿಂದ ಆರಿಸುವ ಮೊದಲು ಮಾಡಬೇಕಾದ ಪರೀಕ್ಷೆ ಇಷ್ಟೇ: ಐದು ನಿಮಿಷದ ಒಂದು ಮುಗಿದ ಪ್ರಾಜೆಕ್ಟ್ ತೆಗೆದುಕೊಂಡು ಎಕ್ಸ್‌ಎಂಎಲ್, ಇಡಿಎಲ್, ಶಬ್ದಕ್ಕೆ ಒಎಂಎಫ್‌ನಂಥದೇ ಆದ ಎಎಎಫ್ ಹೊರತೆಗೆದು ಇನ್ನೊಂದು ತಂತ್ರಾಂಶದಲ್ಲಿ ತೆರೆಯಿರಿ. ಕಟ್‌ಗಳು ಜಾಗದಲ್ಲಿ ಕೂತಿವೆಯೇ ನೋಡಿ. ಪರಿಣಾಮಗಳು, ಬಣ್ಣ ದಾಟಿ ಬರುವುದಿಲ್ಲ, ಅದನ್ನು ನಿರೀಕ್ಷಿಸಬೇಡಿ. ಪಿಕ್ಸಾರ್‌ನಲ್ಲಿ ಹುಟ್ಟಿದ ಓಪನ್ ಟೈಮ್‌ಲೈನ್ ಐಒ ಎಂಬ ಮುಕ್ತ ಮಾದರಿ ಈ ದಾಟಿಸುವಿಕೆಯನ್ನು ಸಲೀಸು ಮಾಡಲು ಹೊರಟಿದೆ. ರಿಸಾಲ್ವ್ ಅದನ್ನು ಓದುತ್ತದೆ.

ಕನ್ನಡದವರಿಗೆ ಇನ್ನೊಂದು ಪರೀಕ್ಷೆ ಇದೆ. ಟೈಟಲ್ ಪೆಟ್ಟಿಗೆಯಲ್ಲಿ ‘ಸ್ವಾತಂತ್ರ್ಯ’ ಎಂದು ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಒತ್ತಕ್ಷರಗಳು ಕೆಳಗೆ ಕೂರುತ್ತವೆಯೋ, ಪಕ್ಕದಲ್ಲಿ ಚೆಲ್ಲಾಪಿಲ್ಲಿಯಾಗುತ್ತವೆಯೋ ನೋಡಿ. ಪ್ರೀಮಿಯರ್‌ನಲ್ಲಿ ಚೆಲ್ಲಾಪಿಲ್ಲಿಯಾದರೆ ಗ್ರಾಫಿಕ್ಸ್ ಆದ್ಯತೆಗಳಿಗೆ ಹೋಗಿ ಪಠ್ಯ ಎಂಜಿನ್ ಅನ್ನು ದಕ್ಷಿಣ ಏಷ್ಯಾ-ಮಧ್ಯಪ್ರಾಚ್ಯ ಭಾಷೆಗಳದಕ್ಕೆ ಬದಲಿಸಬೇಕು. ಈ ಸೌಲಭ್ಯ ಇಲ್ಲದಿದ್ದ ಕಾಲದಲ್ಲಿ ನಮ್ಮ ಎಡಿಟರ್‌ಗಳು ನುಡಿ, ಬರಹದ ಹಳೆಯ ಆನ್ಸಿ ಫಾಂಟುಗಳಲ್ಲಿ ಟೈಟಲ್ ಕೂರಿಸುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಆ ಪ್ರಾಜೆಕ್ಟ್ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಸಬ್‌ಟೈಟಲ್‌ಗಳನ್ನು ಯುನಿಕೋಡ್‌ನಲ್ಲಿ ಎಸ್‌ಆರ್‌ಟಿ ಕಡತವಾಗಿ ಬೇರೆ ಇಟ್ಟುಕೊಂಡವರಿಗೆ ಈ ತೊಂದರೆ ಇಲ್ಲ. ಅದೂ ಇಡಿಎಲ್‌ನಂತೆ ಟೈಮ್‌ಕೋಡ್ ಮತ್ತು ಸಾಲುಗಳಷ್ಟೇ ಇರುವ ಪಠ್ಯ. ಮೇಲೆ ಹೆಸರಿಸಿದ ಫೈನಲ್ ಕಟ್, ಪ್ರೀಮಿಯರ್, ರಿಸಾಲ್ವ್ ಮೂರರ ಈಗಿನ ಆವೃತ್ತಿಗಳೂ ಅದನ್ನು ಒಳಗೆ ತೆಗೆದುಕೊಳ್ಳುತ್ತವೆ.