ಥಾಮಸನ ಹಬ್ಬಾನೂ ಮುದುಕೇರ ಗೋಧಿ ಚೀಲಾನೂ

ಜುಲೈ 3ಕ್ಕ ನಮ್ಮ ಕೆಳಗಿನ ಮನ್ಯಾಗ ಬಾಡಿಗಿ ಇರೋ ಕೇರಳದ ನರ್ಸಬಾಯಿ ನಸುಕಿನ್ಯಾಗ ಎದ್ದು, ಚಂದಾಗಿ ಸೀರಿ ಉಟಗೊಂಡು ಚರ್ಚಿಗೆ ಹೊಂಟಿದ್ಲು. "ಇವತ್ತ ಏನ್ ಹಬ್ಬವಾ?" ಅಂತ ಕೇಳಿದೆ. "ದುಖ್ರಾನ, ಆಂಟಿ" ಅಂದ್ಲು. ಅದು ಸಿರಿಯಾಕ್ ಭಾಷೆಯ ಶಬ್ದ, ನೆನಪು ಅಂತ ಅರ್ಥ. ಯೇಸುವಿನ ಹನ್ನೆರಡು ಮಂದಿ ಶಿಷ್ಯರೊಳಗ ಒಬ್ಬ ಸಂತ ಥಾಮಸ, ಕನ್ನಡ ಬೈಬಲ್ಲಿನ್ಯಾಗ ತೋಮ ಅಂತಾರ, ಅವನ ನೆನಪಿನ ದಿನ. ಕ್ರಿಸ್ತಶಕ 52ರಾಗ ಅವ ಕೇರಳಕ್ಕ ಬಂದ, ಆಮ್ಯಾಲೆ ಮದ್ರಾಸಿನ ಮೈಲಾಪುರದಾಗ ಸತ್ತ ಅಂತ ಅವರ ನಂಬಿಗಿ. ಯೇಸು ಸತ್ತು ಎದ್ದು ಬಂದಾನ ಅಂತ ಉಳಿದವರು ಹೇಳಿದ್ರ, "ಗಾಯದಾಗ ಬಟ್ಟ ಇಟ್ಟ ನೋಡೂತನಕ ನಾ ನಂಬಂಗಿಲ್ಲ" ಅಂದಾವ ಇವನ. ನನಗ ಈ ಮನುಷ್ಯಾ ಪಸಂದ್ ಬರ್ತಾನ. ಪ್ಯಾಟ್ಯಾಗ ಬದನಿಕಾಯಿ ಒತ್ತಿ ನೋಡದ ತಗೊಳ್ಳೋವರು ನಾವೂ ಅಲ್ಲಲ್ಲ!

ಆದ್ರ ಈ ಜುಲೈ 3 ಅನ್ನೋದು ರೋಮಿನ ಪಂಚಾಂಗದಾಗ ಹೊಸಾದು. ಅವನ ಎಲುಬುಗಳನ್ನ ಎಡೆಸ್ಸಾ ಅನ್ನೋ ಊರಿಗೆ ಒಯ್ದ ದಿನ ಅಂತ ಸಿರಿಯಾದ ಕಡೆಯವರು ಅದನ್ನ ಮೊದಲಿಂದ ನಡಿಸ್ಕೊಂಡು ಬಂದಿದ್ರು. ರೋಮಿನವರು ನೂರಾರು ವರ್ಷ ಡಿಸೆಂಬರ್ 21ಕ್ಕ ಮಾಡ್ತಿದ್ದು, 1969ರಾಗ ಪಂಚಾಂಗ ತಿದ್ದಿದಾಗ ಕ್ರಿಸ್‌ಮಸ್ಸಿನ ತಯಾರಿಗೆ ಅಡ್ಡ ಬರಬಾರದು ಅಂತ ಜುಲೈಗೆ ಸರಿಸಿದ್ರು. ನಾ ಬರಿಯಾಕ ಕುಂತಿದ್ದು ಆ ಹಳೇ ಡಿಸೆಂಬರ್ 21ರ ಬಗ್ಗೆ. ಯಾಕಂದ್ರ ಇಂಗ್ಲೆಂಡಿನ ಹಳ್ಳಿಗಳೊಳಗ ಅದು ಬಡ ಹೆಣ್ಣುಮಕ್ಕಳ ಹಬ್ಬ ಆಗಿತ್ತು.

ಆ ದೇಶದಾಗ ಅದು ವರ್ಷದಾಗ ಎಲ್ಲಾಕಿಂತ ಸಣ್ಣ ಹಗಲು. ಲಂಡನ್ ಸೀಮ್ಯಾಗ ಎಂಟು ತಾಸು ಸುದ್ದಾ ಬೆಳಕಿರಂಗಿಲ್ಲ. ಹೊಲದಾಗ ಕೂಲಿ ಇಲ್ಲ, ಹಗೇವು ಖಾಲಿ, ಮುಂದ ನಾಕು ದಿನಕ್ಕ ಕ್ರಿಸ್‌ಮಸ್. ಅವತ್ತ ಊರಿನ ವಿಧವಿಯರು, ಮುದುಕೇರು, ಮಕ್ಕಳೊಂದಿಗರು ಚೀಲ ಹಿಡಕೊಂಡು ರೈತರ ಮನಿ ಮನಿಗೆ ಹೋಗ್ತಿದ್ರು. ರೈತ ಬಾಗಿಲ ಮುಂದ ಗೋಧಿ ಚೀಲ ಬಿಚ್ಚಿ, ಮಾಪು ಇಟಗೊಂಡು ನಿಂದ್ರಾಂವ, ಬಂದವರಿಗೆಲ್ಲ ಒಂದೊಂದು ಅಳತಿ. ಕೆಲವು ಕಡೆ ಗಿರಣಿಯವ ಆ ಗೋಧಿನ ಪುಕ್ಕಟ ಬೀಸಿ ಕೊಡ್ತಿದ್ದ. ಒಂದೊಂದು ಸೀಮ್ಯಾಗ ಒಂದೊಂದು ಹೆಸರು. ಚೆಶೈರದಾಗ ಥಾಮಸಿಂಗ್, ವಾರಿಕ್‌ಶೈರದಾಗ ಕಾರ್ನಿಂಗ್, ಹೆರಿಫರ್ಡ್‌ಶೈರದಾಗ ಮಂಪಿಂಗ್, ಉಳಿದ ಭಾಳ ಕಡೆ ಗುಡಿಂಗ್.

ಈ ಹೆಣ್ಣುಮಕ್ಕಳು ಬರಿಗೈಲೆ ಹೋಗ್ತಿದ್ದಿಲ್ಲ. ಗೋಧಿ ಕೊಟ್ಟವರಿಗೆ ಹಾಲಿ ಗಿಡದ್ದೊ, ಮಿಸಲ್‌ಟೋ ಬಂದಣಿಕಿದ್ದೊ ಒಂದು ಹಸರ ಎಸಳು ತಿರುಗಿ ಕೊಡ್ತಿದ್ರು, ಕ್ರಿಸ್‌ಮಸ್ಸಿಗೆ ಬಾಗಿಲಕ್ಕ ಸಿಗಸಾಕ. 1793ರ ಥಂಡಿಗಾಲ ಭಾಳ ಹಗರ ಇತ್ತಂತ. ಆ ವರ್ಷ ಅವರು ಪ್ರಿಮ್‌ರೋಸ್ ಹೂವಿನ ಗೊಂಚಲಾನೂ ಕೊಡಬಹುದಿತ್ತು ಅಂತ ಮರುವರ್ಷ 'ಜಂಟಲ್‌ಮನ್ಸ್ ಮ್ಯಾಗಜೀನ್' ಅನ್ನೋ ಪತ್ರಿಕ್ಯಾಗ ಬರದಾರ. ನನ್ನ ಲೆಕ್ಕದಾಗ ಇಡೀ ಸಂಗತಿ ಆ ಎಸಳಿನ ಮ್ಯಾಲೆ ನಿಂತೈತಿ. ಒಂದು ಎಸಳು ಕೊಟ್ಟಮ್ಯಾಲೆ ಅದು ಭಿಕ್ಷೆ ಹೆಂಗ ಆಗ್ತದ? ಕೊಡು-ತಗೊ ಆಗ್ತದ.

ಆ ಗೋಧಿಲೆ ಏನ್ ಮಾಡ್ತಿದ್ರು ಗೊತ್ತೇನ್ರೀ? ಹುಗ್ಗಿ! ಅವರು ಫ್ರುಮೆಂಟಿ ಅಂತಾರ. ತವಡ ತಗದ ಗೋಧಿನ ನೀರಾಗ ಹಾಕಿ, ಸಣ್ಣ ಕಾವಿನ್ಯಾಗ ರಾತ್ರಿಯಿಡೀ ಇಡ್ತಿದ್ರು. ಮುಂಜಾನೆ ಕಾಳು ಒಡದು ಅಂಟಂಟ ಆಗಿರ್ತಿತ್ತು. ಅದಕ್ಕ ಹಾಲು ಹಾಕಿ ಕುದಿಸಿ, ಸಕ್ರಿ, ದಾಲ್ಚಿನ್ನಿ, ಜಾಜಿಕಾಯಿ, ಒಣದ್ರಾಕ್ಷಿ. ನಾವು ಗೋಧಿ ನೆನಸಿ, ಕುಟ್ಟಿ, ಬೆಲ್ಲ, ಗಸಗಸಿ, ಒಣಕೊಬ್ರಿ, ಯಾಲಕ್ಕಿ ಹಾಕ್ತೇವಿ, ಅಷ್ಟ ಫರಕ. ಹರೇದ ಹುಡುಗ್ಯಾರು ಅವತ್ತಿನ ರಾತ್ರಿ ಉಳ್ಳಾಗಡ್ಡಿ ಸುಲದು ವಸ್ತ್ರದಾಗ ಕಟ್ಟಿ ತಲಿದಿಂಬಿನ ಬುಡಕ ಇಟಗೊಂಡು ಮಲಗ್ತಿದ್ರು, ಕನಸಿನ್ಯಾಗ ಗಂಡ ಕಾಣತಾನ ಅಂತ. ಆ ವಾಸನಿಗೆ ಯಾವ ಗಂಡ ಬರ್ತಾನೋ ಏನೋ.

ಎಲ್ಲಾ ಚಂದಿತ್ತು ಅಂತ ನಾ ಹೇಳಾಕತ್ತಿಲ್ಲ. ವೋಕಿಂಗ್‌ಹ್ಯಾಮ್ ಅನ್ನೋ ಊರಾಗ 1661ರಾಗ ಜಾರ್ಜ್ ಸ್ಟೇವರ್ಟನ್ ಅಂಬಾವ ಉಯಿಲು ಬರದಿಟ್ಟ, ವರ್ಷಾ ಥಾಮಸನ ದಿನ ಹೋರಿ ಕಟ್ಟಿ ನಾಯಿ ಬಿಟ್ಟು ಕಾಡಿಸಬೇಕು, ಆಮ್ಯಾಲೆ ಮಾಂಸ ಬಡವರಿಗೆ ಹಂಚಬೇಕು ಅಂತ. ಮಂದಿ ಅದನ್ನ ಆಟ ಅಂತ ನೋಡಾಕ ಕೂಡ್ತಿದ್ರು. 1821ರಾಗ ಊರಿನ ಹಿರ್ಯಾರು ಆ ಕಾಡಸೂದು ನಿಲ್ಲಿಸಿದ್ರು.

ಚೀಲ ಹಿಡಕೊಂಡು ಹೋಗೋ ಪದ್ಧತಿಗೆ ಜೀವ ಇದ್ದಿದ್ದು ಹೊಲದಾಗಿನ ಇನ್ನೊಂದು ಪದ್ಧತಿಯೊಳಗ. ಸುಗ್ಗಿ ಆದಮ್ಯಾಲೆ ಉದುರಿದ ತೆನಿ ಆರಿಸಿಕೊಳ್ಳೋದು ಬಡವರ ಹೆಣ್ಣುಮಕ್ಕಳ ಪಾಲು, ಅದನ್ನ ಯಾರೂ ಬ್ಯಾಡ ಅನ್ನಂಗಿಲ್ಲ ಅಂತಿತ್ತು. ನಮ್ಮ ಕಡೆ ಅದಕ್ಕ ಹಕ್ಕಲ ಆಯೋದು ಅಂತಾರ. ಹಕ್ಕಲಕ್ಕೂ ಹಕ್ಕಿಗೂ ಶಬ್ದದಾಗ ಸಂಬಂಧ ಇರ್ಲಿ ಬಿಡ್ಲಿ, ನನ್ನ ಕಿವಿಗೆ ಎರಡೂ ಒಂದ ಕೇಳಸ್ತಾವ. 1787ರಾಗ ಸಫೋಕ್ ಸೀಮೆ ಟಿಮ್‌ವರ್ತ್ ಹಳ್ಳಿಯ ಮೇರಿ ಹೌಟನ್ ಅನ್ನೋ ಹೆಣ್ಣುಮಗಳು ಸ್ಟೀಲ್ ಅನ್ನಾವನ ಹೊಲದಾಗ ಹಕ್ಕಲ ಆಯ್ದಳು ಅಂತ ಅವ ಕೋರ್ಟಿಗೆ ಹೋದ. 1788ರಾಗ ದೊಡ್ಡ ಕೋರ್ಟಿನ ನ್ಯಾಯಾಧೀಶರು ಹೊಲದ ಮಾಲಕನ ಕಡೆ ತೀರ್ಪು ಕೊಟ್ಟು, ಹಕ್ಕಲ ಆಯಾಕ ಕಾನೂನಿನ್ಯಾಗ ಯಾರಿಗೂ ಹಕ್ಕಿಲ್ಲ ಅಂದ್ರು. ಆದ್ರೂ ಭಾಳ ಹಳ್ಳಿಯೊಳಗ ಹೆಣ್ಣುಮಕ್ಕಳು ಹೋಗೋದು ಬಿಡಲಿಲ್ಲ.

ಇದನ್ನ ಓದೋವಾಗ ನನಗ ನಮ್ಮ ಆಯಿ ನೆನಪಾದ್ಲು. ಸಣ್ಣ ವಯಸ್ಸಿನ್ಯಾಗ ಗಂಡನ್ನ ಕಳಕೊಂಡಾಕಿ. ಶೇಂಗಾ ಕಿತ್ತಿದ ಹೊಲಕ್ಕ ಹಕ್ಕಲಕ್ಕ ಹೋಗ್ತಿದ್ಲು, ನಾನೂ ಬೆನ್ನ ಹತ್ತಿ ಹೋಗ್ತಿದ್ದೆ. ಒಂದಿನ ಹೊಲದವ ಬಂದು "ಯಾರನ್ನ ಕೇಳಿ ಕಾಲಿಟ್ರಿ?" ಅಂದವನ, ಆಯಿ ಉಡಿಯಾಗಿನ ಶೇಂಗಾ ನೆಲಕ್ಕ ಸುರುವಿಸಿದ. ಆಯಿ ಅಳಲಿಲ್ಲ, ಕೈ ಮುಗಿಲಿಲ್ಲ. "ಬೇಡಾಕ ಬಂದಿಲ್ಲೋ ಯಪ್ಪಾ, ಹಕ್ಕಲಕ್ಕ ಬಂದೇನಿ" ಅಂದು ಉಡಿ ಝಾಡಿಸಿ, ನನ್ನ ಕೈ ಹಿಡಕೊಂಡು ನಡದ್ಲು. ದಾರ್ಯಾಗ ಆಕಿ ಕೈ ನಡಗೂದು ನನಗ ಗೊತ್ತಾಗಿತ್ತು.

ಇಂಗ್ಲೆಂಡಿನ್ಯಾಗೂ ಹಿಂಗ ಒಂದೊಂದ ಕೈಬಿಡ್ತಾ ಹೋತು. ಊರ ಗಾಯರಾಣಕ್ಕ ಬೇಲಿ ಬಿತ್ತು. 1795, 1800ರ ಸುಮಾರಿಗೆ ಗೋಧಿ ದರ ಆಕಾಶಕ್ಕ ಏರಿತು. 1834ರ ಕಾಯ್ದೆ ಬಂದಮ್ಯಾಲಂತೂ, ಸಹಾಯ ಬೇಕಾ, ಹಂಗಾದ್ರ ವರ್ಕ್‌ಹೌಸಿಗೆ ಬಂದು ಇರು ಅನ್ನೋದು ನಿಯಮ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಒಂದು ಕಡೆ. ಮುದುಕೇರಿಗೆ ಆ ಮನಿ ಅಂದ್ರ ಸಾವಿಗಿಂತ ಹೆಚ್ಚಿನ ಅಂಜಿಕಿ.

ಥಾಮಸನ ದಿನಾನೂ ಬದಲಾತು. ರಾಬರ್ಟ್ ಚೇಂಬರ್ಸ್ ಅವರ 'ಬುಕ್ ಆಫ್ ಡೇಸ್' ಅನ್ನೋ ಪುಸ್ತಕ 1860ರ ದಶಕದ ಮೊದಲಿಗೆ ಅಚ್ಚಾತು. ಅದರಾಗ ಸ್ಟಾಫರ್ಡ್‌ಶೈರದ ಸುದ್ದಿ ಐತಿ. ಅಲ್ಲೆ ಪಾದ್ರಿ ಒಬ್ಬೊಬ್ಬರಿಗೆ ಒಂದೊಂದು ಶಿಲ್ಲಿಂಗ್ ಕೊಡಬೇಕಂತ ರೂಢಿ. ಆಗ ಹೊಲದ ಕೂಲಿಯವನ ವಾರದ ಪಗಾರ ಹತ್ತು ಶಿಲ್ಲಿಂಗಿನ ಆಜುಬಾಜು, ಅಂದ್ರ ಸಣ್ಣ ದುಡ್ಡಲ್ಲ. ಆದ್ರ ಬರಬರತ ಕೆಲವು ಕಡೆ ರೊಕ್ಕ ಒಟ್ಟಗೂಡಿಸಿ ಪಾದ್ರಿ ಮತ್ತ ಚರ್ಚಿನ ಪಂಚರ ಕೈಯಾಗ ಕೊಟ್ಟು, ಹತ್ತಿರದ ಆಯಿತವಾರ ಅವರು ಚರ್ಚಿನ ಖೋಲ್ಯಾಗ ಹಂಚೋದು ಶುರುವಾತು. ವ್ಯವಸ್ಥಾ ಛಲೋ ಆತು, ಖರೆ. ಆದ್ರ ಮನಿ ಬಾಗಿಲಿಗೆ ಹೋಗೋದು ತಪ್ಪಿತು, ಎಸಳು ಕೊಡೋದೂ ತಪ್ಪಿತು. ಈಗ ಮುದುಕಿ ಸಾಲಿನ್ಯಾಗ ನಿಂದ್ರಬೇಕು.

1908ರಾಗ ಮುದುಕರ ಪಿಂಚಣಿ ಕಾಯ್ದೆ ಬಂತು. 1909ರ ಜನವರಿ 1ರಿಂದ ಎಪ್ಪತ್ತು ದಾಟಿದ ಬಡವರಿಗೆ ಪೋಸ್ಟಾಫೀಸಿನ್ಯಾಗ ವಾರಕ್ಕ ಐದು ಶಿಲ್ಲಿಂಗ್ ತನಕ. ಅಲ್ಲಿಂದ ಮುಂದ ಚೀಲ ಹಿಡಕೊಂಡು ಹೋಗೋದು ಕಾಣದಂಗಾತು.

ಥಾಮಸನ ಹಳೇ ಕಥಿ ಒಂದೈತಿ, 'ಥಾಮಸನ ಕೃತ್ಯಗಳು' ಅನ್ನೋ ಸಿರಿಯಾಕ್ ಪುಸ್ತಕದ್ದು. ಗೊಂಡೊಫರಸ್ ಅನ್ನೋ ರಾಜಾ, ಇವನ ನಾಣ್ಯ ಪಂಜಾಬ ಕಡೆ ಸಿಕ್ಕಾವ, ಥಾಮಸಗ ಅರಮನಿ ಕಟ್ಟಾಕ ರೊಕ್ಕ ಕೊಡ್ತಾನ. ಇವ ಎಲ್ಲಾ ಬಡವರಿಗೆ ಹಂಚಿಬಿಡ್ತಾನ. "ಎಲ್ಲೈತಿ ಅರಮನಿ?" ಅಂದ್ರ "ಸ್ವರ್ಗದಾಗ ಕಟ್ಟೇನಿ" ಅಂತಾನ. ರಾಜಾ ಜೇಲಿಗೆ ಹಾಕ್ತಾನ. ಅಷ್ಟರಾಗ ರಾಜನ ತಮ್ಮ ಸತ್ತು, ಮ್ಯಾಲೆ ಆ ಅರಮನಿ ನೋಡಿ, ತಿರುಗಿ ಜೀವ ಬಂದು ಹೇಳ್ತಾನ. 1483ರಾಗ ಕ್ಯಾಕ್ಸ್‌ಟನ್ ಅಚ್ಚು ಹಾಕಿದ ಸಂತರ ಕಥಿ ಪುಸ್ತಕದಾಗ ಇದು ಇಂಗ್ಲಿಷಿನ್ಯಾಗೂ ಬಂದೈತಿ.

ಇದನ್ನೆಲ್ಲಾ ನರ್ಸಬಾಯಿಗೆ ಹೇಳಿದೆ. ಫ್ರುಮೆಂಟಿ ಆಕಿಗೂ ಹೊಸಾದು. ಬರೋ ಡಿಸೆಂಬರ್ 21ಕ್ಕ ನಾ ಗೋಧಿ ಹುಗ್ಗಿ ಮಾಡಾಕಿ, ನೀವೂ ಡಬ್ಬಿ ತಗೊಂಡು ಬರ್ರಿ. ಬರೋವಾಗ ನಿಮ್ಮ ಹಿತ್ತಲದ ಕರಿಬೇವಿನ ಎಸಳು ತರೋದು ಮರೀಬ್ಯಾಡ್ರಿ.